ಫೈಟರ್ ಮೀನಿಗೆ ಎರಡು ಲೀಟರಿನ ಗಾಜಿನ ಬೌಲ್ ಸಾಕೇ? ಮನೆಯಲ್ಲಿ ಬೆಟ್ಟಾ ಸಾಕುವ ಬಗ್ಗೆ ಸಲಹೆ ಬೇಕು

ಹೊಸಬಳು_ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯವರು ಕೆಲಸದ ನಿಮಿತ್ತ ಮಸ್ಕತ್‌ಗೆ ಹೊರಟಿದ್ದು, ಅವರ ಮಗಳು ಅಕ್ಕರೆಯಿಂದ ಸಾಕಿದ ನೀಲಿ ಬಣ್ಣದ ಗಂಡು ಫೈಟರ್ (ಬೆಟ್ಟಾ) ಮೀನನ್ನು ಮುಂದಿನ ವಾರ ನಮಗೆ ಒಪ್ಪಿಸಲಿದ್ದಾರೆ. ಸದ್ಯ ಅದು ಸುಮಾರು ಎರಡು ಲೀಟರ್ ನೀರು ಹಿಡಿಯುವ ದುಂಡನೆಯ ಗಾಜಿನ ಬೌಲ್‌ನಲ್ಲಿದೆ. ತಳದಲ್ಲಿ ಬಣ್ಣದ ಕಲ್ಲುಗಳು, ನಡುವೆ ಒಂದು ಪ್ಲಾಸ್ಟಿಕ್ ಗಿಡ, ಅಷ್ಟೇ. ಪ್ರತಿ ಭಾನುವಾರ ನೀರನ್ನು ಪೂರ್ತಿ ಚೆಲ್ಲಿ, ಬೌಲನ್ನು ತೊಳೆದು, ನಲ್ಲಿಯ ಹೊಸ ನೀರು ತುಂಬಿಸುತ್ತಾರೆ. ಮೀನು ದಿನದ ಬಹುಪಾಲು ತಳದಲ್ಲೇ ಕುಳಿತಿರುತ್ತದೆ, ಬಾಲದ ಅಂಚು ಸ್ವಲ್ಪ ಹರಿದಂತೆ ಕಾಣುತ್ತದೆ.

ನನಗೆ ಮೀನು ಸಾಕಿ ಅಭ್ಯಾಸವಿಲ್ಲ. ಇದೇ ಬೌಲ್ ಮುಂದುವರಿಸಬಹುದೇ, ಫಿಲ್ಟರ್ ಮತ್ತು ಹೀಟರ್ ನಿಜವಾಗಿಯೂ ಬೇಕೇ, ನಾಲ್ಕು ದಿನ ಊರಿಗೆ ಹೋದರೆ ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ. ಒಂಟಿಯಾಗಿ ಪಾಪ ಬೇಸರವಾಗಬಹುದು, ಜೊತೆಗೆ ಎರಡು ಗೋಲ್ಡ್‌ಫಿಶ್ ತಂದು ಬಿಡೋಣ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ಅದರ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು.

ನೀರ್ಗನ್ನಡಿ

ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಗೋಲ್ಡ್‌ಫಿಶ್ ಖಂಡಿತ ಬೇಡ. ಅದು ತಂಪು ನೀರಿನ ಮೀನು, ಬೇಗ ದೊಡ್ಡದಾಗುತ್ತದೆ, ವಿಪರೀತ ಹೊಲಸು ಮಾಡುತ್ತದೆ, ಮೇಲಾಗಿ ಫೈಟರಿನ ಉದ್ದನೆಯ ರೆಕ್ಕೆಗಳನ್ನು ಕಚ್ಚಿ ನೋಡುವ ಸಾಧ್ಯತೆಯೂ ಇದೆ. ಗಂಡು ಬೆಟ್ಟಾ ತನ್ನ ಜಾಗವನ್ನು ತಾನೇ ಕಾಯ್ದುಕೊಂಡು ಬದುಕುವ ಪ್ರಾಣಿ. ಅದಕ್ಕೆ ಒಂಟಿತನ ಶಿಕ್ಷೆಯಲ್ಲ ಎಂದು ಅತ್ತೆಯವರಿಗೆ ಧೈರ್ಯವಾಗಿ ಹೇಳಬಹುದು.

ಇನ್ನು ಬೌಲ್‌ನ ವಿಷಯ. ಜಾಗ ಚಿಕ್ಕದು ಎಂಬುದಕ್ಕಿಂತ ನೀರು ಕಡಿಮೆ ಎಂಬುದೇ ಇಲ್ಲಿನ ನಿಜವಾದ ತೊಂದರೆ. ಮೀನು ತನ್ನ ಕಿವಿರುಗಳ ಮೂಲಕ ಹಗಲಿರುಳೂ ಅಮೋನಿಯಾವನ್ನು ಹೊರಹಾಕುತ್ತಲೇ ಇರುತ್ತದೆ. ತಿನ್ನದೆ ಬಿಟ್ಟ ಆಹಾರ ಮತ್ತು ಹಿಕ್ಕೆ ಕೊಳೆತು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಹಳೆಯ, ಪಳಗಿದ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಾಯಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಿರುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಂಜು, ಕಲ್ಲು, ಗಿಡದ ಎಲೆಗಳಿಗೆ ಅಂಟಿಕೊಂಡು ಬೆಳೆಯುತ್ತವೆ, ಮತ್ತು ಅವು ಸಾಕಷ್ಟು ಸಂಖ್ಯೆಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ಪ್ರತಿ ಭಾನುವಾರ ಕಲ್ಲುಗಳ ಸಮೇತ ಬೌಲನ್ನು ಉಜ್ಜಿ ತೊಳೆದರೆ ಅವು ನೆಲೆಯೂರುವುದಾದರೂ ಎಲ್ಲಿ? ಹೀಗಾಗಿ ಆ ಮೀನು ಗುರುವಾರ, ಶುಕ್ರವಾರದ ಹೊತ್ತಿಗೆ ತನ್ನದೇ ವಿಷದಲ್ಲಿ ಉಸಿರಾಡುತ್ತಿರುತ್ತದೆ, ಭಾನುವಾರ ಒಮ್ಮೆಲೇ ಬೇರೆ ತಾಪಮಾನದ, ಕ್ಲೋರಿನ್ ಇರುವ ನೀರಿಗೆ ಬೀಳುತ್ತದೆ. ತಳದಲ್ಲಿ ಕುಳಿತಿರುವುದಕ್ಕೂ ಬಾಲ ಹರಿದಿರುವುದಕ್ಕೂ ಇದೇ ಕಾರಣ ಎಂದು ನೋಡದೆಯೇ ತೀರ್ಪು ಕೊಡಲಾರೆ, ಆದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ, 25 ಸೆಂ.ಮೀ. ಎತ್ತರದ ಸಾದಾ ಗಾಜಿನ ತೊಟ್ಟಿಯನ್ನು ಮಾಡಿಸಿಕೊಳ್ಳಿ. 20 ಸೆಂ.ಮೀ. ಎತ್ತರಕ್ಕೆ ತುಂಬಿದರೆ 20 ಲೀಟರ್ ನೀರಾಗುತ್ತದೆ, ಮೇಲೆ ಐದು ಸೆಂ.ಮೀ. ಗಾಳಿಗೆ ಜಾಗ ಉಳಿಯುತ್ತದೆ. ಎತ್ತರದ ತೊಟ್ಟಿಗಿಂತ ಅಗಲವಾದದ್ದು ಮೇಲು, ಏಕೆಂದರೆ ಭಾರವಾದ ರೆಕ್ಕೆ ಹೊತ್ತ ಈ ಮೀನು ಉಸಿರಿಗಾಗಿ ಪದೇ ಪದೇ ಮೇಲಕ್ಕೆ ಬರಬೇಕು. ಮುಚ್ಚಳ ಮರೆಯಬೇಡಿ, ಫೈಟರ್ ಚೆನ್ನಾಗಿ ಜಿಗಿಯುತ್ತದೆ.

ಹಳೇಅಂಗಡಿ

ಬಹಳ ವರ್ಷ ಅಕ್ವೇರಿಯಂ ಅಂಗಡಿ ನಡೆಸಿದವನಾಗಿ ಒಂದು ಮಾತು ಹೇಳಲೇಬೇಕು. ಇಪ್ಪತ್ತು ಲೀಟರ್, ಫಿಲ್ಟರ್, ಹೀಟರ್ ಎಂದು ಪಟ್ಟಿ ಬೆಳೆಸಿದರೆ ಸಾಮಾನ್ಯ ಜನ ಮೀನು ಸಾಕುವುದನ್ನೇ ಬಿಡುತ್ತಾರೆ. ಫೈಟರಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಉಸಿರಾಟದ ಅಂಗವಿದೆ, ಅದು ನೇರವಾಗಿ ಗಾಳಿಯನ್ನೇ ಕುಡಿಯುತ್ತದೆ. ನಮ್ಮ ಕೆರೆಗಳ ಕೊರಮೀನು ಕೂಡ ಹೀಗೆಯೇ ಗಾಳಿ ಕುಡಿದು ಕೆಸರಿನಲ್ಲಿಯೂ ಬದುಕುತ್ತದಲ್ಲವೇ? ಬೆಂಗಳೂರಿಗೆ ಬರುವ ಫೈಟರುಗಳಲ್ಲಿ ಅನೇಕವು ಚೆನ್ನೈನ ಕೊಳತ್ತೂರಿನಿಂದ ಬರುತ್ತವೆ. ಅಲ್ಲಿನ ಸಾಕಣೆದಾರರು ಸಾವಿರಾರು ಗಂಡುಗಳನ್ನು ಒಂದೊಂದು ಬಾಟಲಿಯಲ್ಲಿ ಒಂದೊಂದರಂತೆ ಇಟ್ಟು ಮಾರುಕಟ್ಟೆಗೆ ಕಳಿಸುತ್ತಾರೆ. ಬಾಟಲಿಯಲ್ಲಿ ಸಾಯುವುದಾದರೆ ಆ ವ್ಯಾಪಾರವೇ ನಿಲ್ಲಬೇಕಿತ್ತು.

ನೀರ್ಗನ್ನಡಿ

ಹಳೇಅಂಗಡಿಯವರೇ, ಲ್ಯಾಬಿರಿಂತ್ ಅಂಗದ ಬಗ್ಗೆ ತಾವು ಹೇಳಿದ್ದು ಸರಿ. ಆದರೆ ಅದು ಪರಿಹರಿಸುವುದು ಆಮ್ಲಜನಕದ ಕೊರತೆಯನ್ನು ಮಾತ್ರ. ಅಮೋನಿಯಾ ಕಿವಿರನ್ನೂ ಚರ್ಮವನ್ನೂ ಸುಡುತ್ತದೆ, ಮೇಲಿನಿಂದ ಎಷ್ಟು ಗಾಳಿ ಕುಡಿದರೂ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಾಟಲಿಯಲ್ಲಿ ಬದುಕಿಸುವ ಸಾಕಣೆದಾರರು ದಿನವೂ ಅಥವಾ ದಿನ ಬಿಟ್ಟು ದಿನ ನೀರು ಬದಲಾಯಿಸುತ್ತಾರೆ, ಅದಕ್ಕೇ ಆಳು ಇಟ್ಟಿರುತ್ತಾರೆ, ಮತ್ತು ಮೀನು ಅಲ್ಲಿರುವುದು ಮಾರಾಟವಾಗುವವರೆಗೆ ಮಾತ್ರ. ಮನೆಯಲ್ಲಿ ಅದು ಎರಡು ಮೂರು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಸ್ವಲ್ಪ ಹೆಚ್ಚು ಬದುಕಬೇಕಾದ ಜೀವ. ಅಷ್ಟು ಕಾಲ ದಿನವೂ ಬಾಟಲಿಯ ನೀರು ಬದಲಾಯಿಸುವುದಕ್ಕಿಂತ ಒಂದು ತೊಟ್ಟಿ ಮತ್ತು ಒಂದು ಸ್ಪಂಜ್ ಫಿಲ್ಟರ್ ಇಟ್ಟುಕೊಳ್ಳುವುದು ಸೋಮಾರಿಗಳಿಗೂ ಅನುಕೂಲ. ನಾನು ಅದೇ ಪಂಗಡದವನು.

ಕೆರೆದಂಡೆ

ಇದರ ತವರನ್ನೂ ಸ್ವಲ್ಪ ನೆನೆಯೋಣ. ನಾವು ಅಂಗಡಿಯಲ್ಲಿ ಕೊಳ್ಳುವ ಬೆಟ್ಟಾ ಸ್ಪ್ಲೆಂಡೆನ್ಸ್ ಥಾಯ್ಲೆಂಡಿನ ಮೀನು. ಅಲ್ಲಿ ಅದನ್ನು ಪ್ಲಾ ಕಾಟ್ ಎನ್ನುತ್ತಾರೆ, 2019ರಲ್ಲಿ ಅದನ್ನು ಆ ದೇಶದ ರಾಷ್ಟ್ರೀಯ ಜಲಚರವೆಂದು ಘೋಷಿಸಲಾಯಿತು. ತಲೆಮಾರುಗಳ ಕಾಲ ಕಾಳಗಕ್ಕಾಗಿ ಸಾಕಿ ಆರಿಸುತ್ತ ಬಂದದ್ದರಿಂದಲೇ ಅಂಗಡಿಯ ತಳಿಗಳಿಗೆ ಇಷ್ಟೊಂದು ಸಿಟ್ಟು; ಕಾಡಿನ ಮೂಲ ಮೀನು ಚಿಕ್ಕ ರೆಕ್ಕೆಯ, ಮಾಸಲು ಬಣ್ಣದ, ಇಷ್ಟು ಜಗಳಗಂಟಿಯಲ್ಲದ ಜೀವಿ. ಅದು ಭತ್ತದ ಗದ್ದೆ, ಜೌಗು, ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿ ವಾಸಿಸುತ್ತದೆ ಎಂಬುದು ನಿಜ. ಗದ್ದೆಯ ನೀರು ಮೊಣಕಾಲಿಗೂ ಬರುವುದಿಲ್ಲ, ಅದೂ ನಿಜ. ಆದರೆ ಆ ಗದ್ದೆ ಎಕರೆಗಟ್ಟಲೆ ಹಬ್ಬಿರುತ್ತದೆ, ಬುಡದಲ್ಲಿ ಮಣ್ಣು, ಬೇರು, ಕೊಳೆತ ಎಲೆ, ಕೋಟ್ಯಂತರ ಸೂಕ್ಷ್ಮಜೀವಿಗಳು ನೀರನ್ನು ಶುದ್ಧವಾಗಿಡುತ್ತಿರುತ್ತವೆ. ಆಳ ಕಡಿಮೆ ಎಂಬ ಒಂದೇ ಅಂಶವನ್ನು ಹಿಡಿದು ಬೌಲನ್ನು ಸಮರ್ಥಿಸುವುದು ಎಷ್ಟರಮಟ್ಟಿಗೆ ಸರಿ?

ಕಡಲತಡಿ

ಉಡುಪಿಯಿಂದ ಬರೆಯುತ್ತಿದ್ದೇನೆ. ಹೀಟರ್ ಬೇಕೇ ಬೇಡವೇ ಎಂಬುದು ಊರಿನ ಮೇಲೆ ನಿಂತಿದೆ. ಬೆಟ್ಟಾಗೆ ಹಿತವಾದದ್ದು ಸುಮಾರು 25ರಿಂದ 28 ಡಿಗ್ರಿ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ನೀರು ತಾನಾಗಿಯೇ ಆ ಮಟ್ಟದಲ್ಲಿರುವುದರಿಂದ ನನ್ನ ಬಳಿ ಹೀಟರ್ ಇಲ್ಲ. ಮೈಸೂರು, ಬೆಂಗಳೂರು, ಹಾಸನದ ಮಾತು ಬೇರೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿದಾಗ ಮೀನು ಮಂಕಾಗುತ್ತದೆ, ತಿಂದದ್ದು ಜೀರ್ಣವಾಗುವುದಿಲ್ಲ, ರೋಗ ಬೇಗ ಹಿಡಿಯುತ್ತದೆ. 20 ಲೀಟರಿಗೆ 25 ವ್ಯಾಟಿನ, ತಾನಾಗಿ ಆರುವ ಹೀಟರ್ ಸಾಕು. ನೀರು ತೆಗೆಯುವ ಮೊದಲು ಅದರ ಸ್ವಿಚ್ ಆರಿಸಿ. ಕಾದ ಗಾಜಿನ ಹೀಟರ್ ನೀರಿನಿಂದ ಹೊರಗೆ ಉಳಿದರೆ ಸಿಡಿಯುತ್ತದೆ.

ಇನ್ನೊಂದು ಸಲಹೆ ಕಾಡುಬಾದಾಮಿ ಎಲೆಯದು. ಶಾಲೆಯ ಅಂಗಳಗಳಲ್ಲಿ, ರಸ್ತೆ ಬದಿಯಲ್ಲಿ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನಿಲ್ಲುವ ಆ ಮರದಿಂದ ತಾನಾಗಿ ಉದುರಿ, ಕಂದು ಬಣ್ಣಕ್ಕೆ ತಿರುಗಿ, ಪೂರ್ತಿ ಒಣಗಿದ ಎಲೆಯನ್ನು ಆರಿಸಿ, ತೊಳೆದು, ಅಂಗೈಯಗಲದ ತುಂಡನ್ನು ತೊಟ್ಟಿಗೆ ಹಾಕಿ. ಒಂದೆರಡು ದಿನ ತೇಲುತ್ತದೆ, ಆಮೇಲೆ ಮುಳುಗುತ್ತದೆ, ನೀರು ತೆಳು ಟೀಯಂತಾಗುತ್ತದೆ. ಎಲೆಯ ಟ್ಯಾನಿನ್ ನೀರಿನ ಕ್ಷಾರಗುಣವನ್ನು ಸ್ವಲ್ಪ ತಗ್ಗಿಸುತ್ತದೆ, ಶಿಲೀಂಧ್ರವನ್ನು ಒಂದು ಮಟ್ಟಿಗೆ ತಡೆಯುತ್ತದೆ. ಇದೇ ಎಲೆಯನ್ನು ಪ್ಯಾಕೆಟ್ ಮಾಡಿ ಆನ್‌ಲೈನ್‌ನಲ್ಲಿ ಮಾರುವುದನ್ನು ಕಂಡಾಗ ನಗು ಬರುತ್ತದೆ. ಔಷಧ ಸಿಂಪಡಿಸಿದ ತೋಟದ ಎಲೆ ಮಾತ್ರ ಬೇಡ.

ಬಿಸಿಲೂರು

ಕಲಬುರಗಿಯವರ ಕಷ್ಟ ಇದಕ್ಕೆ ತದ್ವಿರುದ್ಧ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತೊಟ್ಟಿಯ ನೀರು 32, 33ಕ್ಕೆ ಏರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿನ ದೇಹದ ಓಟ ಜಾಸ್ತಿ, ಅಮೋನಿಯಾದ ವಿಷವೂ ಜಾಸ್ತಿ. ತೊಟ್ಟಿಯನ್ನು ಕಿಟಕಿಯಿಂದ ದೂರ, ಒಳಗೋಡೆಯ ಪಕ್ಕ ಇಟ್ಟು, ಮುಚ್ಚಳದ ಬದಲು ಜಾಲರಿ ಹಾಕಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ತಾಗುವಂತೆ ಮಾಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಹೀಗೆ ನೀರು ಬೇಗ ಆರುವುದರಿಂದ ದಿನವೂ ತುಂಬಬೇಕಾಗುತ್ತದೆ. ಆರಿಹೋಗುವುದು ನೀರು ಮಾತ್ರ, ಅದರಲ್ಲಿನ ಲವಣಗಳು ಅಲ್ಲೇ ಉಳಿಯುತ್ತವೆ. ಆದ್ದರಿಂದ ಆರಿದಷ್ಟನ್ನು ತುಂಬಲು ಆರ್‌ಓ ನೀರು ಬಳಸಿ, ಬೋರ್‌ವೆಲ್ ನೀರಲ್ಲ. ಐಸನ್ನು ನೇರವಾಗಿ ನೀರಿಗೆ ಹಾಕುವ ಅಭ್ಯಾಸ ಅಪಾಯಕಾರಿ, ತಾಪಮಾನ ಒಮ್ಮೆಲೇ ಕುಸಿಯುತ್ತದೆ.

ಹೊಸಬಳು_ಮೈಸೂರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ತೊಟ್ಟಿ ಮಾಡಿಸಲು ಹೇಳಿದ್ದೇನೆ. ಆದರೆ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕಾರು ವಾರ ಬೇಕು ಎಂದಿರಿ, ಮೀನು ಮುಂದಿನ ವಾರವೇ ಬರುತ್ತದೆ. ಅಲ್ಲಿಯವರೆಗೆ ಅದನ್ನು ಬೌಲ್‌ನಲ್ಲೇ ಇಡಬೇಕೇ? ನಮ್ಮಲ್ಲಿ ವಾರದ ಕೆಲವು ದಿನ ಕಾವೇರಿ ನೀರು, ಉಳಿದ ದಿನ ಬೋರ್‌ವೆಲ್ ನೀರು. ಯಾವುದನ್ನು ಬಳಸಲಿ?

ನೀರ್ಗನ್ನಡಿ

ಬೌಲ್‌ನಲ್ಲಿ ಕಾಯಿಸುವುದು ಬೇಡ, ನೇರವಾಗಿ ಹೊಸ ತೊಟ್ಟಿಗೇ ಬಿಡಿ. ಪಳಗದ 20 ಲೀಟರ್ ಕೂಡ ಪಳಗದ 2 ಲೀಟರಿಗಿಂತ ಹತ್ತು ಪಟ್ಟು ನಿಧಾನವಾಗಿ ಕೆಡುತ್ತದೆ. ಮೊದಲ ಐದಾರು ವಾರ ದಿನ ಬಿಟ್ಟು ದಿನ ಕಾಲು ಭಾಗದಷ್ಟು ನೀರನ್ನು ಸೈಫನ್ ಪೈಪಿನಿಂದ ತಳದಿಂದಲೇ ಎಳೆದು, ಅಷ್ಟೇ ಬೆಚ್ಚಗಿನ ಹೊಸ ನೀರು ಹಾಕಿ. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ ಟೆಸ್ಟ್ ಕಿಟ್ ಒಂದನ್ನು ಕೊಂಡುಕೊಳ್ಳಿ. ಈ ಹವ್ಯಾಸದಲ್ಲಿ ನಾನು ದುಡ್ಡು ಉಳಿಸಬೇಡಿ ಎಂದು ಹೇಳುವ ಏಕೈಕ ವಸ್ತು ಅದು. ಅರ್ಧ ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ಹತ್ತಿರ ತೋರಿಸಿದರೆ ಅಂದೇ ಅರ್ಧದಷ್ಟು ನೀರು ಬದಲಾಯಿಸಿ. ಆರೋಗ್ಯವಾದ ಮೀನುಗಳಿರುವ ಹಳೆಯ ತೊಟ್ಟಿ ಪರಿಚಯದವರ ಮನೆಯಲ್ಲಿದ್ದರೆ, ಅವರ ಫಿಲ್ಟರಿನ ಸ್ಪಂಜಿನಲ್ಲಿ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿಗೆ ತಾಗಿಸಿಡಿ. ತರುವಾಗ ಅದು ಒಣಗಬಾರದು. ಹೀಗೆ ಮಾಡಿದರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಮುಂದೆಯೂ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಿರಿ. ತೊಟ್ಟಿ ಪಳಗಿದ ಮೇಲೆ ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸಿದರೆ ಸಾಕು.

ಮೀನನ್ನು ಸಾಗಿಸುವಾಗ ಒಂದು ಸೂಕ್ಷ್ಮವಿದೆ. ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಮೇಲೆ ನಿಂತಿರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ 5ರಷ್ಟಾಗುತ್ತದೆ. ಬೌಲ್‌ನ ಹಳೆಯ ನೀರು ಆಮ್ಲೀಯವಾಗಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಅಲ್ಲಿ ಕೂಡಿಕೊಂಡ ಅಮೋನಿಯಾ ಸುಪ್ತವಾಗಿರುತ್ತದೆ. ಆ ನೀರಿಗೆ ಗಡಸು ಬೋರ್‌ವೆಲ್ ನೀರನ್ನು ಸ್ವಲ್ಪ ಸುರಿದ ಕೂಡಲೇ ಅದೇ ಅಮೋನಿಯಾ ವಿಷವಾಗಿ ಏಳುತ್ತದೆ. ಆದ್ದರಿಂದ ಪಕ್ಕದ ಮನೆಯವರು ನೀರು ಬದಲಾಯಿಸಿದ ದಿನವೇ ಮೀನನ್ನು ತನ್ನಿ. ಸಣ್ಣ ಡಬ್ಬಿಯಲ್ಲಿಟ್ಟು, ತೊಟ್ಟಿಯ ನೀರನ್ನು ಅರ್ಧ ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ, ಕೊನೆಗೆ ಮೀನನ್ನು ಮಾತ್ರ ತೊಟ್ಟಿಗೆ ಬಿಟ್ಟು ಡಬ್ಬಿಯ ನೀರನ್ನು ಚೆಲ್ಲಿಬಿಡಿ.

ನೀರಿನ ಆಯ್ಕೆಯಲ್ಲಿ ನನ್ನ ಮತ ಕಾವೇರಿ ನೀರಿಗೆ. ನಗರದ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದನ್ನು ತೆಗೆಯಲು ಆಂಟಿ ಕ್ಲೋರಿನ್ ಎಂದು ಮಾರುವ ದ್ರಾವಣ ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೂ ಕ್ಲೋರಿನ್ ಹೋಗುತ್ತದೆ. ಬರೀ ಆರ್‌ಓ ನೀರಿನಲ್ಲಿ ಮೀನಿಗೆ ಬೇಕಾದ ಲವಣಗಳೇ ಇರುವುದಿಲ್ಲ, ಅದನ್ನು ಮಾತ್ರವೇ ತುಂಬಬೇಡಿ. ಒಂದು ವಾರ ಮೃದು, ಒಂದು ವಾರ ಗಡಸು ಎಂದು ಓಲಾಡಿಸುವುದಕ್ಕಿಂತ, ಸ್ವಲ್ಪ ಗಡಸಾದರೂ ಸದಾ ಒಂದೇ ಬಗೆಯ ನೀರಿನಲ್ಲಿ ಬೆಟ್ಟಾ ಸುಖವಾಗಿರುತ್ತದೆ.

ಸಂಜೆಮಲ್ಲಿಗೆ

ಆಹಾರದ ಬಗ್ಗೆ ಯಾರೂ ಬರೆಯಲಿಲ್ಲ. ಕೆರೆಯ ಮೀನಿಗೆ ಮಂಡಕ್ಕಿ ಎಸೆದು ಅಭ್ಯಾಸವಾದ ನಮ್ಮವರು ಫೈಟರಿಗೂ ಅನ್ನದ ಅಗುಳು, ಬ್ರೆಡ್ಡಿನ ಪುಡಿ ಹಾಕುವುದನ್ನು ಕಂಡಿದ್ದೇನೆ. ಇದು ಹುಳುಹುಪ್ಪಟೆ ತಿಂದು ಬದುಕುವ ಮೀನು. ಬೆಟ್ಟಾಗೆಂದೇ ಮಾಡಿದ, ಮೊದಲ ಸಾಲಿನಲ್ಲೇ ಮೀನು ಅಥವಾ ಸೀಗಡಿಯ ಹೆಸರಿರುವ ಸಣ್ಣ ಕಾಳಿನ ಆಹಾರವನ್ನು ಬೆಳಿಗ್ಗೆ ಮೂರು, ಸಂಜೆ ಮೂರು ಕಾಳಿನಂತೆ ಕೊಟ್ಟರೆ ಸಾಕು. ಗಾಜಿನ ಹತ್ತಿರ ಹೋದಾಗಲೆಲ್ಲ ಅದು ಓಡಿಬಂದು ಹಸಿದವರಂತೆ ನಟಿಸುತ್ತದೆ, ನಂಬಬೇಡಿ. ಹೆಚ್ಚು ತಿಂದರೆ ಹೊಟ್ಟೆ ಉಬ್ಬಿ ಒಂದು ಮಗ್ಗುಲಿಗೆ ವಾಲಿ ಈಜುತ್ತದೆ. ವಾರದಲ್ಲಿ ಒಂದು ದಿನ ಉಪವಾಸ ಒಳ್ಳೆಯದು. ನಾಲ್ಕು ದಿನ ಊರಿಗೆ ಹೋಗುವುದಾದರೆ ಏನೂ ಹಾಕದೆ ಹೋಗಿ, ಆರೋಗ್ಯವಾದ ದೊಡ್ಡ ಮೀನಿಗೆ ಏನೂ ಆಗದು. ಪಕ್ಕದವರಿಗೆ ಡಬ್ಬಿ ಕೊಟ್ಟು ಹೋದರೆ ಅವರು ಪ್ರೀತಿಯಿಂದ ಒಂದು ಚಮಚ ಸುರಿಯುವ ಅಪಾಯವೇ ದೊಡ್ಡದು.

ಸೊಳ್ಳೆಯ ಮರಿಗಳು ಅದಕ್ಕೆ ಮೃಷ್ಟಾನ್ನ. ಮಳೆನೀರು ನಿಂತ ಬಕೆಟ್ಟಿನಲ್ಲಿ ಸಿಕ್ಕರೆ ಟೀ ಸೋಸುವ ಜರಡಿಯಲ್ಲಿ ಹಿಡಿದು, ತೊಳೆದು, ನಾಲ್ಕೈದು ಹಾಕಿ. ಅದಕ್ಕಾಗಿ ಬೇಕೆಂದೇ ನೀರು ನಿಲ್ಲಿಸಬೇಡಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು, ಡೆಂಗಿ ಕಾಲದಲ್ಲಿ ಬೀದಿಯವರೆಲ್ಲ ಶಪಿಸುತ್ತಾರೆ. ಚರಂಡಿಯಿಂದ ಹಿಡಿದು ತರುವ ಜೀವಂತ ಟ್ಯೂಬಿಫೆಕ್ಸ್ ಹುಳುಗಳನ್ನು ನಾನು ಕೊಡುವುದಿಲ್ಲ, ರೋಗವೂ ಜೊತೆಗೇ ಬರುತ್ತದೆ.

ಹಳೇಅಂಗಡಿ

ಬೌಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ನನಗಿರಲಿ, ರೋಗದ ಬಗ್ಗೆ ಅಂಗಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಮೀನಿನ ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಮೈಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳಿದ್ದರೆ ಬಿಳಿಚುಕ್ಕೆ ರೋಗ. ಚಿನ್ನದ ಅಥವಾ ತುಕ್ಕಿನ ಬಣ್ಣದ ನುಣ್ಣನೆಯ ಧೂಳು ಮಿನುಗಿದರೆ ವೆಲ್ವೆಟ್, ಇದು ಬೇಗ ಕೊಲ್ಲುತ್ತದೆ. ಎರಡೂ ಪರಾವಲಂಬಿಗಳಿಂದ ಬರುವಂಥವು. ಆಮೇಲೆ ಮೇಲಿನಿಂದ ನೋಡಿ: ಹೊಟ್ಟೆ ಉಬ್ಬಿ, ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ ಅದು ಡ್ರಾಪ್ಸಿ, ಆ ಹಂತಕ್ಕೆ ಹೋದ ಮೀನು ಉಳಿಯುವುದು ಅಪರೂಪ.

ರೆಕ್ಕೆ ಕೊಳೆಯುವ ರೋಗಕ್ಕೂ ಆರಂಭದ ಬಿಳಿಚುಕ್ಕೆಗೂ ಉಪ್ಪು ಒಳ್ಳೆಯ ಮದ್ದು. ಬೇರೆ ಬಕೆಟ್ಟಿನಲ್ಲಿ ಮೀನನ್ನು ಇಟ್ಟು, ಲೀಟರಿಗೆ ಒಂದು ಗ್ರಾಂನಂತೆ ಅಕ್ವೇರಿಯಂ ಉಪ್ಪನ್ನು ಮೊದಲೇ ಕರಗಿಸಿ ನಿಧಾನವಾಗಿ ಸೇರಿಸಿ, ದಿನವೂ ನೀರು ಬದಲಾಯಿಸುತ್ತ ಒಂದು ವಾರ ನೋಡಿ. ಗಿಡಗಳಿರುವ ತೊಟ್ಟಿಗೆ ಉಪ್ಪು ಹಾಕಿದರೆ ಗಿಡಗಳು ಸೊರಗುತ್ತವೆ. ಮನುಷ್ಯರ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ತೊಟ್ಟಿಗೆ ಸುರಿಯಿರಿ ಎಂದು ಹೇಳುವ ಅಂಗಡಿಗಳಿವೆ. ರೋಗ ಯಾವುದೆಂದು ತಿಳಿಯದೆ ಹಾಗೆ ಮಾಡಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಏಟು ಬೀಳಬಹುದು.

ಕೆರೆದಂಡೆ

ನೀರಿನ ಮೇಲೆ ಒಂದು ಮೂಲೆಯಲ್ಲಿ ಸಣ್ಣ ಗುಳ್ಳೆಗಳ ನೊರೆ ಕಂಡರೆ ಗಾಬರಿಯಾಗಬೇಡಿ, ಗಂಡು ಕಟ್ಟುವ ಗೂಡು ಅದು. ಹೆಣ್ಣು ಇಟ್ಟ ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ಆ ನೊರೆಗೆ ಅಂಟಿಸಿ, ಮರಿಗಳು ಈಜುವವರೆಗೆ ಕಾಯುವುದು ಗಂಡಿನ ಕೆಲಸ. ಹೆಣ್ಣಿಲ್ಲದಿದ್ದರೂ ಕಟ್ಟುತ್ತಲೇ ಇರುತ್ತದೆ. ಹಾಗೆಂದು ಹೆಣ್ಣು ತಂದು ಜೊತೆಗೆ ಬಿಡಬೇಡಿ. ನೂರಾರು ಮರಿಗಳಾದರೆ, ಬೆಳೆದ ಪ್ರತಿ ಗಂಡಿಗೂ ಬೇರೆ ಬೇರೆ ಪಾತ್ರೆ ಎಲ್ಲಿಂದ ತರುತ್ತೀರಿ? ಬೇಡವಾದ ಮೀನನ್ನು ಕೆರೆಗೆ ಬಿಡುವುದಂತೂ ಕೂಡದು. ಜೊತೆ ಬೇಕೇ ಬೇಕೆಂದರೆ ಒಂದು ಬಸವನಹುಳು ಸಾಕು. ಕನ್ನಡಿ ತೋರಿಸಿ ರೆಕ್ಕೆ ಬಿಚ್ಚಿಸುವ ಆಟ ಮಕ್ಕಳಿಗೆ ಇಷ್ಟ. ಒಂದೆರಡು ನಿಮಿಷ ಪರವಾಗಿಲ್ಲ, ತೊಟ್ಟಿಗೆ ಕನ್ನಡಿ ಒರಗಿಸಿಟ್ಟು ಹೋಗಬಾರದು.

ಹೊಸಬಳು_ಮೈಸೂರು

ತೊಟ್ಟಿ ಬಂತು, ಮೀನೂ ಬಂತು. ಹಳೇಅಂಗಡಿಯವರು ಹೇಳಿದಂತೆ ಟಾರ್ಚ್ ಹಿಡಿದು ನೋಡಿದೆ. ಚುಕ್ಕೆಯೂ ಇಲ್ಲ, ಧೂಳೂ ಇಲ್ಲ. ಬಾಲದ ಹರಿದ ಅಂಚಿನಲ್ಲಿ ಮಾತ್ರ ಬಣ್ಣವೇ ಇಲ್ಲದ, ಗಾಜಿನಷ್ಟು ತೆಳುವಾದ ಒಂದು ಎಳೆ ಕಾಣುತ್ತಿದೆ. ಇದು ಕೊಳೆಯುತ್ತಿರುವ ಲಕ್ಷಣವೇ? ಉಪ್ಪು ಹಾಕಲೇ?

ಹಳೇಅಂಗಡಿ

ಬೇಡ ಮೇಡಂ. ಕೊಳೆಯುತ್ತಿದ್ದರೆ ಅಂಚು ಕಪ್ಪಾಗಿಯೋ ಕೆಂಪಾಗಿಯೋ ಇದ್ದು ದಿನದಿಂದ ದಿನಕ್ಕೆ ಒಳಗೆ ಸರಿಯುತ್ತದೆ. ಬಣ್ಣವಿಲ್ಲದ ತೆಳು ಪೊರೆ ಎಂದರೆ ಹೊಸ ರೆಕ್ಕೆ ಬೆಳೆಯುತ್ತಿದೆ, ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ. ಆ ಪ್ಲಾಸ್ಟಿಕ್ ಗಿಡವನ್ನೂ ಹೊಸ ತೊಟ್ಟಿಗೆ ಹಾಕಿದ್ದರೆ, ಹಳೆಯ ನೈಲಾನ್ ಕಾಲುಚೀಲವನ್ನು ಅದರ ಎಲೆಗಳ ಮೇಲೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಬಾಲವೂ ಅಲ್ಲೇ ಸಿಕ್ಕಿ ಹರಿದಿರಬಹುದು. ಗಿಡವನ್ನು ತೆಗೆದು ಒಂದು ಹಿಡಿ ಜಾವಾ ಮಾಸ್ ತಂದು ಹಾಕಿ.